ಹೊಸಬರು ರೇಂಜ್‌ಗೆ ಬಂದಾಗ: ಶೂಟಿಂಗ್ ಕ್ಲಬ್ಬಿನ ಮೊದಲ ದಿನಕ್ಕೊಂದು ಮಾರ್ಗದರ್ಶಿ

ಇದು ಹತ್ತು ಮೀಟರ್ ಏರ್ ರೈಫಲ್, ಏರ್ ಪಿಸ್ತೂಲ್ ರೇಂಜ್ ನಡೆಸುವವರಿಗೆ, ಮತ್ತು ಅಂಥ ಕ್ಲಬ್ಬಿನ ಹಳೆ ಸದಸ್ಯರಿಗೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ, 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದಾಗ, ಜನ ನಮ್ಮಂಥ ಕ್ಲಬ್ಬುಗಳ ಬಾಗಿಲು ಹುಡುಕಿಕೊಂಡು ಬಂದರು. ಮುಂದೆಯೂ ಬರುತ್ತಾರೆ. ಆದರೆ ಬಂದವರಲ್ಲಿ ಎಷ್ಟೋ ಜನ ಎರಡನೇ ಸಲ ಬರುವುದೇ ಇಲ್ಲ. ಗುರಿ ತಪ್ಪಿತು ಅಂತ ಬಿಟ್ಟವರು ಕಡಿಮೆ. ಮೊದಲ ದಿನ ಯಾರೂ ಮಾತಾಡಿಸಲಿಲ್ಲ, ಇಲ್ಲವೇ ಎಲ್ಲರ ಎದುರು ಯಾರೋ ಗದರಿಬಿಟ್ಟರು, ಹಾಗಾಗಿ ಬಿಟ್ಟವರೇ ಜಾಸ್ತಿ.

ಸುರಕ್ಷತೆ ಒಂದು ಕೆಲಸ, ಸ್ವಾಗತ ಇನ್ನೊಂದು ಕೆಲಸ ಅಂತ ತುಂಬಾ ಕಡೆ ಭಾಗ ಮಾಡಿಟ್ಟಿರುತ್ತಾರೆ. ಗೋಡೆಗೆ ನಿಯಮದ ಬೋರ್ಡ್ ನೇತುಹಾಕಿದರೆ ಮೊದಲನೆಯದು ಮುಗಿಯಿತು, ಟೀ ಕೊಟ್ಟರೆ ಎರಡನೆಯದು ಮುಗಿಯಿತು ಅನ್ನುವ ಲೆಕ್ಕ. ಎರಡೂ ಒಂದೇ ಕೆಲಸ ಅಂತ ನಾನು ನಂಬಿದ್ದೇನೆ. ಎಲ್ಲಿ ನಿಲ್ಲಬೇಕು, ಏನು ಮುಟ್ಟಬಾರದು, ಯಾವಾಗ ಮಾತಾಡಬಹುದು ಅಂತ ಗೊತ್ತಿಲ್ಲದ ಮನುಷ್ಯ ರೇಂಜ್‌ನಲ್ಲಿ ಮುದುಡಿ ನಿಲ್ಲುತ್ತಾನೆ. ಅದನ್ನೆಲ್ಲ ಯಾರಾದರೂ ಸಮಾಧಾನವಾಗಿ ಹೇಳಿಕೊಟ್ಟ ಕೂಡಲೇ ಅವನ ಭುಜ ಸಡಿಲವಾಗುತ್ತದೆ.

ಬರುವ ಮುಂಚೆಯೇ ಹೇಳಬೇಕಾದದ್ದು

ಫೋನ್ ಮಾಡಿ ವಿಚಾರಿಸಿದವರಿಗೆ ಸುಮ್ನೆ "ಭಾನುವಾರ ಬನ್ನಿ" ಅಂದರೆ ಸಾಲದು. ಒಂದು ಮೆಸೇಜ್ ಕಳಿಸಿ. ಬೆರಳು ಮುಚ್ಚುವ ಶೂ ಹಾಕಿಕೊಂಡು ಬರಲಿ, ಹವಾಯಿ ಚಪ್ಪಲಿ ಬೇಡ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಲಿ, ದುಪಟ್ಟಾ ಇದ್ದರೆ ಪಿನ್ ಹಾಕಲಿ ಅಥವಾ ತೆಗೆದಿಡಲಿ. ಕನ್ನಡಕ ಇರುವವರು ತಪ್ಪದೆ ತರಲಿ, ಏಕೆಂದರೆ "ಶೂಟಿಂಗ್‌ಗೆ ಕನ್ನಡಕ ಅಡ್ಡಿ" ಅಂದುಕೊಂಡು ಮನೆಯಲ್ಲೇ ಬಿಟ್ಟು ಬರುವವರು ಇದ್ದಾರೆ. ಹೊಟ್ಟೆ ಖಾಲಿ ಇಟ್ಟುಕೊಂಡು ಬಂದರೆ ಕೈ ನಡುಗುತ್ತದೆ, ಹಾಗಾಗಿ ಹಗುರವಾಗಿ ತಿಂಡಿ ತಿಂದು ಬರಲಿ. ಸ್ವಂತ ಏರ್‌ಗನ್ ಇದ್ದರೂ ಮೊದಲ ದಿನ ತರುವುದು ಬೇಡ. ಬಾಗಿಲಲ್ಲಿ ಯಾರನ್ನು ಕೇಳಬೇಕು ಅನ್ನುವುದನ್ನೂ ಬರೆಯಿರಿ. ಅಪರಿಚಿತ ಜಾಗಕ್ಕೆ, ಅದೂ ಬಂದೂಕು ಇರುವ ಜಾಗಕ್ಕೆ, ಒಂದು ಹೆಸರು ಹಿಡಿದುಕೊಂಡು ಬರುವುದಕ್ಕೂ ಯಾರೂ ಗೊತ್ತಿಲ್ಲದೆ ಬರುವುದಕ್ಕೂ ಬಹಳ ವ್ಯತ್ಯಾಸ ಇದೆ.

ನಾಲ್ಕೈದು ಸ್ನೇಹಿತರು ಒಟ್ಟಿಗೆ ಬರುತ್ತೇವೆ ಅಂದರೆ ಬರಲಿ, ಆದರೆ ಶೂಟ್ ಮಾಡುವುದು ಒಬ್ಬೊಬ್ಬರಾಗಿ ಅಂತ ಮೊದಲೇ ತಿಳಿಸಿ. ಗುಂಪಿನಲ್ಲಿ ಬಂದವರು ಒಬ್ಬರನ್ನೊಬ್ಬರು ನಗಿಸುತ್ತಾರೆ. ಕೈಯಲ್ಲಿ ಗನ್ ಇದ್ದಾಗ ಅದು ಆಗಬಾರದು.

ಒಬ್ಬ ಹೊಸಬರಿಗೆ ಒಬ್ಬ ಹಳಬರು

ಹೊಸಬರು ಒಳಗೆ ಕಾಲಿಟ್ಟಾಗಿನಿಂದ ಹೊರಗೆ ಹೋಗುವ ತನಕ ಒಬ್ಬರೇ ಜೊತೆಗಿರಬೇಕು. ಅವರು ಆ ಹೊತ್ತು ತಮ್ಮ ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಕ್ಲಬ್ಬಿನ ಬೆಸ್ಟ್ ಶೂಟರೇ ಆಗಬೇಕು ಅಂತೇನಿಲ್ಲ. ನನ್ನ ಅನುಭವದಲ್ಲಿ ಒಂದೆರಡು ವರ್ಷ ಹಿಂದೆ ಕಲಿತವರೇ ಒಳ್ಳೆಯ ಜೊತೆಗಾರರು, ಯಾಕೆಂದರೆ ತಮಗೆ ಏನೇನು ಅರ್ಥ ಆಗಿರಲಿಲ್ಲ ಅನ್ನುವುದು ಅವರಿಗಿನ್ನೂ ನೆನಪಿರುತ್ತದೆ.

ಮೊದಲು ಗನ್ ಇಲ್ಲದೆ ರೇಂಜ್ ತೋರಿಸಿ. ಇದು ಫೈರಿಂಗ್ ಲೈನ್, ಅದರಾಚೆ ಕಾಲಿಡುವ ಹಾಗಿಲ್ಲ. ಅಲ್ಲಿ ಕಾಣುವುದು ಟಾರ್ಗೆಟ್, ಇಲ್ಲಿಂದ ಸರಿಯಾಗಿ ಹತ್ತು ಮೀಟರ್, ನೆಲದಿಂದ 1.4 ಮೀಟರ್ ಎತ್ತರ. ಏರ್ ಪಿಸ್ತೂಲಿನ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್ ಅಗಲ ಇರುತ್ತದೆ. ರೈಫಲ್‌ನದು ಬರೀ ಅರ್ಧ ಮಿಲಿಮೀಟರ್ ಚುಕ್ಕಿ. ಆ ಕಾರ್ಡನ್ನು ಕೈಗೆ ಕೊಟ್ಟು ನೋಡಲು ಬಿಡಿ. "ಇಷ್ಟು ಸಣ್ಣದಾ!" ಅಂತ ಬಾಯಿಬಿಟ್ಟು ನೋಡುತ್ತಾರೆ, ಅಲ್ಲಿಂದ ಮಾತು ಶುರುವಾಗುತ್ತದೆ. ಒಂದು ಪೆಲೆಟ್ಟನ್ನೂ ತೋರಿಸಿ. ಅರ್ಧ ಗ್ರಾಂ ತೂಕದ ಸೀಸದ ಚೂರು, ಆದರೆ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಹೆದರಿಸುವ ದನಿ ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು.

ಜಾತ್ರೆಯ ಗನ್ ಅಭ್ಯಾಸ ಬಿಡಿಸುವುದು

ನಮ್ಮಲ್ಲಿ ಹೆಚ್ಚಿನವರು ಜೀವನದಲ್ಲಿ ಮೊದಲು ಹಿಡಿದ ಗನ್ ಜಾತ್ರೆಯ ಬಲೂನ್ ಅಂಗಡಿಯದು. ದಸರಾ ವಸ್ತುಪ್ರದರ್ಶನ ಇರಲಿ, ಊರ ರಥೋತ್ಸವ ಇರಲಿ, ಹತ್ತಾರು ಜನರ ನಡುವೆ ನಿಂತು ಟ್ರಿಗರ್ ಮೇಲೆ ಬೆರಳಿಟ್ಟುಕೊಂಡೇ ಗನ್ ಎತ್ತುವುದು, ಬಲೂನ್ ಒಡೆದರೆ ಹಾಗೇ ತಿರುಗಿ ಹೆಂಡತಿ ಮಕ್ಕಳತ್ತ ನೋಡುವುದು. ಈ ಅಭ್ಯಾಸ ಹೊತ್ತುಕೊಂಡೇ ಅವರು ರೇಂಜ್‌ಗೆ ಬರುತ್ತಾರೆ. ಅದು ಅವರ ತಪ್ಪಲ್ಲ, ಬೇರೆ ಥರ ಯಾರೂ ತೋರಿಸಿಲ್ಲ.

ಹಾಗಾಗಿ ಮೂರು ವಿಷಯ, ಮೂರೇ ವಿಷಯ, ಮೊದಲು ಹೇಳಿ. ಗನ್ನಿನ ಬಾಯಿ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು, ಖಾಲಿ ಇದ್ದರೂ. ಗುರಿ ಹಿಡಿದು ಹೊಡೆಯಲು ತಯಾರಾಗುವ ತನಕ ಬೆರಳು ಟ್ರಿಗರ್ ಹೊರಗೆ, ನೀಟಾಗಿ ಪಕ್ಕಕ್ಕೆ ಚಾಚಿರಬೇಕು. ಪ್ರತಿ ಗನ್ನೂ ಲೋಡ್ ಆಗಿದೆ ಅಂತಲೇ ತಿಳಿಯಬೇಕು, ಪಕ್ಕದವರು "ಖಾಲಿ ಇದೆ" ಅಂದರೂ ತಾವೇ ನೋಡಬೇಕು. ಹೇಳಿ ಮುಗಿಸಿ ಮುಂದೆ ಹೋಗಬೇಡಿ, ಅವರ ಬಾಯಲ್ಲೇ ಒಂದು ಸಲ ಹೇಳಿಸಿ. ಹದಿನೈದು ನಿಯಮ ಇರುವ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ಕ್ಲಬ್ಬಿನ ದಾಖಲೆಗೆ ಸರಿ, ಆದರೆ ತಲೆಯಲ್ಲಿ ಉಳಿಯುವುದು ಈ ಮೂರೇ.

ಆಮೇಲೆ ಸೇಫ್ಟಿ ಫ್ಲ್ಯಾಗ್. ಬ್ಯಾರೆಲ್ ಒಳಗೆ ಈ ತುದಿಯಿಂದ ಆ ತುದಿಗೆ ಬರುವ ಕಿತ್ತಳೆ ಅಥವಾ ಇನ್ನಾವುದಾದರೂ ಎದ್ದುಕಾಣುವ ಬಣ್ಣದ ದಾರ. ಅಂತರರಾಷ್ಟ್ರೀಯ ನಿಯಮದಲ್ಲೇ ಇದು ಕಡ್ಡಾಯ. ಎರಡೂ ಕಡೆ ದಾರ ಕಾಣುತ್ತಿದೆ ಅಂದರೆ ಒಳಗೆ ಪೆಲೆಟ್ ಇಲ್ಲ, ದೂರದಿಂದಲೇ ಗೊತ್ತಾಗುತ್ತದೆ. ಹೊಸಬರ ಕೈಯಲ್ಲೇ ಎರಡು ಮೂರು ಸಲ ಹಾಕಿಸಿ, ತೆಗೆಸಿ.

ರೇಂಜ್‌ನ ಕಮಾಂಡ್‌ಗಳು ಎಲ್ಲ ಕಡೆ ಇಂಗ್ಲಿಷ್‌ನಲ್ಲೇ ಇರುತ್ತವೆ: ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ಪ್ರತಿಯೊಂದಕ್ಕೂ ಕೈ ಏನು ಮಾಡಬೇಕು ಅಂತ ಕನ್ನಡದಲ್ಲಿ ವಿವರಿಸಿ, ಒಮ್ಮೆ ಮಾಡಿಸಿ. ಗೊತ್ತಿಲ್ಲ ಅಂತ ಕೇಳಲು ನಾಚಿಕೊಳ್ಳುವ ಮಕ್ಕಳು ಪಕ್ಕದವರನ್ನು ನೋಡಿಕೊಂಡು ಕಾಪಿ ಹೊಡೆಯುತ್ತಾರೆ, ಅದು ಅಪಾಯ.

ಇಲ್ಲಿ ಒಂದು ಮಾತು ನಾನು ಒತ್ತಿ ಹೇಳುತ್ತೇನೆ. "ಸ್ಟಾಪ್" ಅಂತ ಕೂಗುವ ಹಕ್ಕು ರೇಂಜ್ ಆಫೀಸರ್‌ಗೆ ಮಾತ್ರ ಅಲ್ಲ, ರೇಂಜ್‌ನಲ್ಲಿರುವ ಪ್ರತಿಯೊಬ್ಬರಿಗೂ ಇರಬೇಕು, ಬಂದು ಹತ್ತು ನಿಮಿಷ ಆಗಿರುವ ಹುಡುಗಿಗೂ ಸಹ. ಅದನ್ನು ಬಾಯಿಬಿಟ್ಟು ಹೇಳಿ: "ನೋಡಮ್ಮ, ಏನಾದರೂ ಸರಿ ಇಲ್ಲ ಅನ್ನಿಸಿದರೆ ಜೋರಾಗಿ ಸ್ಟಾಪ್ ಅನ್ನು. ಸುಳ್ಳು ಎಚ್ಚರಿಕೆ ಆದರೂ ಪರವಾಗಿಲ್ಲ, ಯಾರೂ ಬೈಯಲ್ಲ." ಹಾಗೆ ಅವಳು ನಿಜಕ್ಕೂ ಕೂಗಿದರೆ ಎಲ್ಲರೂ ಗನ್ ಕೆಳಗಿಡಿ, ಇಪ್ಪತ್ತು ವರ್ಷದ ಹಳಬರೂ ಸೇರಿ. ಕೂಗಿದ್ದು ಯಾಕೆ ಅಂತ ಆಮೇಲೆ ವಿಚಾರಿಸಿ. ಆ ದಿನದಿಂದ ಅವಳು ಈ ಕ್ಲಬ್ಬಿನವಳು.

ಗನ್ ಕೈಗೆ ಬರುವ ಹೊತ್ತು

ಗನ್ನನ್ನು ಕೈಯಿಂದ ಕೈಗೆ ಕೊಡಬೇಡಿ. ಮೇಜಿನ ಮೇಲೆ, ಬಾಯಿ ಟಾರ್ಗೆಟ್ ಕಡೆ, ಪೆಲೆಟ್ ತುಂಬುವ ಲಿವರ್ ತೆರೆದು, ಫ್ಲ್ಯಾಗ್ ಹಾಕಿ ಇಡಿ. ಹೊಸಬರು ಅಲ್ಲಿಂದಲೇ ತೆಗೆದುಕೊಳ್ಳಲಿ, ಅಲ್ಲೇ ಇಡಲಿ. ನೀವು ಅವರ ಗನ್ ಕೈಯ ಕಡೆ, ಒಂದು ಹೆಜ್ಜೆ ಹಿಂದೆ, ಕೈಗೆಟಕುವಷ್ಟು ಹತ್ತಿರ ನಿಲ್ಲಿ. ಬಲಗೈಯವರಾದರೆ ಬಲಕ್ಕೆ. ಅವರು ಗನ್ ಸಮೇತ ತಿರುಗಲು ಹೊರಟರೆ ಮುಂಗೈಯನ್ನು ಮೆತ್ತಗೆ ಹಿಡಿದು ಮತ್ತೆ ಮುಂದಕ್ಕೆ ತಿರುಗಿಸಬಹುದು.

ತಿರುಗುವುದು ಯಾವಾಗ ಗೊತ್ತಾ? ತಪ್ಪಾದಾಗ ಅಲ್ಲ, ಚೆನ್ನಾಗಿ ಹೊಡೆದಾಗ. ಮೊದಲ ಸಲ ಕಾರ್ಡಿನ ನಡುವೆ ತೂತು ಬಿದ್ದ ಕ್ಷಣ ಕಣ್ಣು ಅರಳುತ್ತದೆ, ಹಿಂದೆ ಕೂತಿರುವ ಅಪ್ಪನಿಗೆ ತೋರಿಸಬೇಕು ಅನ್ನಿಸುತ್ತದೆ, ತಲೆಯ ಜೊತೆ ಭುಜ, ಭುಜದ ಜೊತೆ ಪಿಸ್ತೂಲು, ಎಲ್ಲ ಒಟ್ಟಿಗೆ ಹಿಂದಕ್ಕೆ ತಿರುಗುತ್ತವೆ. ಅದಕ್ಕೇ ಮೊದಲ ಪೆಲೆಟ್ ಹಾಕುವ ಮುಂಚೆಯೇ ಹೇಳಿಬಿಡಿ: "ಚೆನ್ನಾಗಿ ಬಿದ್ದರೆ ಮೊದಲು ಪಿಸ್ತೂಲು ಮೇಜಿನ ಮೇಲೆ ಇಡಿ, ಕೈ ಬಿಡಿ, ಆಮೇಲೆ ತಿರುಗಿ, ಎಷ್ಟು ಬೇಕಾದರೂ ಕುಣಿಯಿರಿ." ಒಂದು ಸಲ ಖಾಲಿ ಗನ್ನಿನಲ್ಲಿ ಇದನ್ನೇ ಅಭ್ಯಾಸ ಮಾಡಿಸಿ. ಫೋಟೋ ವಿಷಯವೂ ಅಷ್ಟೇ, ತೆಗೆಯುವವರು ಲೈನ್ ಹಿಂದೆ ನಿಂತೇ ತೆಗೆಯಬೇಕು, ಕ್ಯಾಮೆರಾ ಕಡೆಗೆ ಗುರಿ ಹಿಡಿದು ಪೋಸ್ ಕೊಡುವುದು ಇಲ್ಲವೇ ಇಲ್ಲ.

ಸಣ್ಣ ಕ್ಲಬ್ಬುಗಳಲ್ಲಿ ಇನ್ನೂ ಬ್ಯಾರೆಲ್ ಮಡಚಿ ಕಾಕ್ ಮಾಡುವ, ಅಂದರೆ ಸ್ಪ್ರಿಂಗ್ ಬಿಗಿ ಮಾಡುವ, ಗನ್‌ಗಳೇ ಇರುತ್ತವೆ. ಪೆಲೆಟ್ ತುಂಬುವಾಗ ಒಂದು ಕೈ ಬ್ಯಾರೆಲ್ ಅನ್ನು ಬಿಗಿಯಾಗಿ ಹಿಡಿದೇ ಇರಬೇಕು, ಬಿಟ್ಟರೆ ಅದು ಪಟ್ ಅಂತ ಮುಚ್ಚಿಕೊಂಡು ಬೆರಳು ಜಜ್ಜುತ್ತದೆ. ಅಂಥ ಗನ್‌ಗೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಿಸಬೇಡಿ, ಒಳಗಿನ ಭಾಗ ಹಾಳಾಗುತ್ತದೆ. ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ಪಿಸ್ತೂಲು, ರೈಫಲ್‌ಗಳಲ್ಲಿ ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವುದು) ಮಾಡಲು ಬೇರೆ ವ್ಯವಸ್ಥೆಯೇ ಇರುತ್ತದೆ, ಮೊದಲ ಪಾಠ ಅದರಲ್ಲಿ ಮಾಡಿ.

ಮೊದಲ ಗುಂಡುಗಳು

ಯಾವ ಕಣ್ಣು ಮೇಲುಗೈ ಅಂತ ಮೊದಲು ನೋಡಿ. ಎರಡೂ ಕೈ ಮುಂದೆ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಗೋಡೆ ಗಡಿಯಾರ ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು. ಎಡಗೈಯವರನ್ನು ಬಲಗೈಗೆ ತಿರುಗಿಸಲು ಹೋಗಬೇಡಿ.

ಪಿಸ್ತೂಲು ಸುಮಾರು ಒಂದು ಕೆ.ಜಿ. ಇರುತ್ತದೆ, ರೈಫಲ್ ನಾಲ್ಕೈದು ಕೆ.ಜಿ. ಕೇಳಲು ಕಡಿಮೆ, ಆದರೆ ಚಾಚಿದ ಒಂದೇ ಕೈಯಲ್ಲಿ ಎತ್ತಿ ಹಿಡಿದಾಗ ಮೂರನೇ ಶಾಟ್‌ಗೇ ತೋಳು ನಡುಗುತ್ತದೆ. ಹಾಗಾಗಿ ಮೊದಲ ದಿನ ಸ್ಟ್ಯಾಂಡಿನ ಮೇಲೆ ಆಸರೆ ಕೊಟ್ಟೇ ಶೂಟ್ ಮಾಡಿಸಿ. ಅಂಕದ ಟಾರ್ಗೆಟ್ ಬೇಡ. ಕಾರ್ಡನ್ನು ಉಲ್ಟಾ ಮಾಡಿ ಬಿಳಿ ಬದಿ ಎದುರಿಗೆ ಬರುವ ಹಾಗೆ ಹಾಕಿ. ಮುಂದಿನ ಸೈಟ್ (ಬ್ಯಾರೆಲ್ ತುದಿಯಲ್ಲಿ ಗುರಿ ಹಿಡಿಯಲು ಇರುವ ಭಾಗ) ಸ್ಪಷ್ಟವಾಗಿ ಕಾಣಲಿ, ಕಾರ್ಡ್ ಮಂಜಾಗಿದ್ದರೂ ಸರಿ, ಟ್ರಿಗರ್ ಅನ್ನು ಎಳೆಯದೆ ನಿಧಾನಕ್ಕೆ ಒತ್ತುತ್ತಾ ಹೋಗಲಿ, ಅಷ್ಟೇ ಪಾಠ. ಐದು ಪೆಲೆಟ್ ಆದ ಮೇಲೆ ಕಾರ್ಡ್ ತರಿಸಿ ನೋಡಿದರೆ ತೂತುಗಳು ಒಂದು ಕಡೆ ಗುಂಪಾಗಿ ಬಿದ್ದಿರುತ್ತವೆ. ನಡುವೆ ಬಿದ್ದಿಲ್ಲ ಅಂತ ಬೇಜಾರಾಗುವವರಿಗೆ ಗ್ರೂಪ್ ಅಂದರೆ ಏನು ಅಂತ ಅಲ್ಲೇ ತೋರಿಸಿ: ಗುಂಪು ಚಿಕ್ಕದಾದರೆ ಸೈಟ್ ತಿರುಗಿಸಿ ನಡುವೆ ತರುವುದು ಅರ್ಧ ನಿಮಿಷದ ಕೆಲಸ. ಇಪ್ಪತ್ತು ಮೂವತ್ತು ಪೆಲೆಟ್ ಮುಗಿಯುವ ಹೊತ್ತಿಗೆ ನಿಲ್ಲಿಸಿ, ಇನ್ನೂ ಬೇಕು ಅನ್ನುವಾಗಲೇ. ಸುಸ್ತಾದ ಕೈ ಎಚ್ಚರ ತಪ್ಪುತ್ತದೆ.

ಭಂಗಿ ಸರಿಮಾಡಲು ಮುಟ್ಟಬೇಕಾಗಿ ಬಂದರೆ ಮೊದಲು ಕೇಳಿ. "ನಿಮ್ಮ ಮೊಣಕೈ ಸ್ವಲ್ಪ ಸರಿಸಲಾ?" ಅಂತ ಕೇಳಲು ಎರಡು ಸೆಕೆಂಡ್ ಸಾಕು. ಮುಟ್ಟದೆ ನೀವೇ ಪಕ್ಕದಲ್ಲಿ ನಿಂತು ಮಾಡಿ ತೋರಿಸುವುದು ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳು ಒಂದೇ ದಿನಕ್ಕೆ ಕ್ಲಬ್ ಬಿಡುವುದಕ್ಕೆ ಇದೂ ಒಂದು ಕಾರಣ. ಅದರ ಬಗ್ಗೆ ಕ್ಲಬ್ಬಿನ ಮೀಟಿಂಗ್‌ಗಳಲ್ಲಿ ಯಾರೂ ಮಾತಾಡುವುದಿಲ್ಲ, ಮಾತಾಡಬೇಕು.

ಹಗ್ಗ ಎಳೆದು ಕಾರ್ಡ್ ತರಿಸುವ ರೇಂಜ್ ಆದರೆ ಒಂದು ವಿಶೇಷ ಎಚ್ಚರ. ಕಾರ್ಡ್ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಎರಡೇ ಹೆಜ್ಜೆ ಮುಂದೆ ಹೋದರೆ ಕೈಗೆ ಸಿಗುತ್ತದೆ ಅನ್ನಿಸುತ್ತದೆ, ಹೊಸಬರು ಸಹಜವಾಗಿ ಬಾಗಿಬಿಡುತ್ತಾರೆ. ಬಾಗುವ ಹಾಗೇ ಇಲ್ಲ. ಕೈ ಎತ್ತಬೇಕು, ರೇಂಜ್ ಆಫೀಸರ್ ಎಲ್ಲ ಲೇನ್ ನಿಲ್ಲಿಸಬೇಕು, ಪ್ರತಿ ಗನ್ನಿನಲ್ಲೂ ಫ್ಲ್ಯಾಗ್ ಇದೆಯೇ ನೋಡಬೇಕು, ಎಲ್ಲರೂ ಮೇಜಿನಿಂದ ಹಿಂದೆ ಸರಿಯಬೇಕು, ಆಮೇಲೆ ಒಬ್ಬರು ಹೋಗಿ ಬಿಡಿಸಬೇಕು. ಯಾರಾದರೂ ಮುಂದೆ ಇರುವಾಗ ಗನ್ ಮುಟ್ಟುವುದಿಲ್ಲ, ಸೈಟ್ ಸರಿಮಾಡಲೂ ಇಲ್ಲ.

ಸ್ಟಾಪ್ ಅಂದಾಗ ಒಳಗೆ ಪೆಲೆಟ್ ಉಳಿದಿದ್ದರೆ ಗಾಬರಿ ಬೇಡ. ಕೈ ಎತ್ತಲಿ, ಬಾಯಿ ಮುಂದಕ್ಕೇ ಇರಲಿ, ಅನುಮತಿ ಸಿಕ್ಕ ಮೇಲೆ ಟಾರ್ಗೆಟ್‌ಗೆ ಹೊಡೆದು ಖಾಲಿ ಮಾಡಲಿ.

ತಪ್ಪು ಮಾಡಿದಾಗ

ತಪ್ಪು ಆಗೇ ಆಗುತ್ತದೆ. ಆಗ ಕೈ ತಕ್ಷಣ ಕೆಲಸ ಮಾಡಬೇಕು, ಬಾಯಿ ನಿಧಾನವಾಗಿ. ಮೊದಲು ಗನ್ ಮುಂದಕ್ಕೆ ತಿರುಗಲಿ, ಮೇಜಿನ ಮೇಲೆ ಇಳಿಯಲಿ. ಆಮೇಲೆ ಲೈನ್‌ನಿಂದ ಹಿಂದೆ ಕರೆದುಕೊಂಡು ಹೋಗಿ, ಕಡಿಮೆ ದನಿಯಲ್ಲಿ, "ಈಗ ಏನಾಯಿತು ಗೊತ್ತಾಯಿತಾ? ಬಾಯಿ ಎರಡನೇ ಲೇನ್ ಕಡೆ ಹೋಯಿತು. ಬನ್ನಿ, ಮತ್ತೆ ಎತ್ತೋಣ" ಅನ್ನಿ. ಎಲ್ಲರೆದುರು ಕೂಗಿದರೆ ಅವರಿಗೆ ನೆನಪಿರುವುದು ಅವಮಾನ, ನಿಯಮ ಅಲ್ಲ. ಹೇಳಿದ ಮೇಲೂ ಅದೇ ತಪ್ಪು ಮಾಡುತ್ತಾ ನಗುವವರು ಅಪರೂಪಕ್ಕೆ ಬರುತ್ತಾರೆ. ಅವರಿಗೆ ಆವತ್ತು ಶೂಟಿಂಗ್ ಮುಗಿಯಿತು, ದುಡ್ಡು ವಾಪಸ್ ಕೊಟ್ಟು ಕಳಿಸಿ. ಅಲ್ಲಿ ದಾಕ್ಷಿಣ್ಯ ಬೇಡ.

ಗನ್ ಗೊತ್ತಿರುವವರು ಬಂದಾಗ ನಾವು ಸಡಿಲ ಬಿಡುತ್ತೇವೆ, ಅದೂ ತಪ್ಪೇ. ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಮಲಗಿಕೊಂಡು ಹೊಡೆದವರು, ಸೇನೆಯಿಂದ ನಿವೃತ್ತರಾದವರು, ಕೊಡಗಿನ ಮನೆಗಳಿಂದ ಬಂದವರು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ ನೋಡಿ ಬೆಳೆದವರಿಗೆ ಆಯುಧದ ಮೇಲೆ ಗೌರವ ಇದ್ದೇ ಇರುತ್ತದೆ. ಆ ಅನುಭವದ ಬಗ್ಗೆ ಕೇಳಿ, ಕಿವಿಗೊಟ್ಟು ಕೇಳಿ. ಆದರೆ ಅದೇ ಮೂರು ಮಾತು, ಅದೇ ಫ್ಲ್ಯಾಗ್, ಅದೇ ಮೇಜು ಅವರಿಗೂ. "ಅಣ್ಣ, ಇಲ್ಲಿ ಎಲ್ಲರಿಗೂ ಒಂದೇ ಪದ್ಧತಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಕ್ಕಳು, ದೊಡ್ಡವರು, ವೀಲ್‌ಚೇರ್

ಅಪ್ಪ ಅಮ್ಮ ಲೈನ್ ಹಿಂದಿನ ಕುರ್ಚಿಯಲ್ಲಿ ಕೂರಲಿ. ಅಲ್ಲಿಂದ ಸಲಹೆ ಕೂಗುವುದು ಬೇಡ ಅಂತ ಮೊದಲೇ ಪ್ರೀತಿಯಿಂದ ಹೇಳಿ. ಮಗು ರೈಫಲ್ ಭಾರ ತಡೆಯದೆ ಬೆನ್ನು ಬಾಗಿಸುತ್ತಿದ್ದರೆ ಆಸರೆ ಕೊಡಿ, ಇಲ್ಲವೇ ಇನ್ನೊಂದು ವರ್ಷ ಬಿಟ್ಟು ಬನ್ನಿ ಅನ್ನಿ. "ಎಷ್ಟು ದಿನಕ್ಕೆ ಮೆಡಲ್ ಬರುತ್ತೆ?" ಅಂತ ಕೇಳಿದರೆ ನಿಜ ಹೇಳಿ, ವರ್ಷಗಳು ಬೇಕು.

ನಲವತ್ತು ದಾಟಿದವರು "ನಮಗೆಲ್ಲ ಈಗ ಆಗುತ್ತಾ?" ಅಂತ ಹಿಂಜರಿಯುತ್ತಾರೆ. ಈ ಆಟಕ್ಕೆ ಬೇರೆ ದಾರಿಯಿಂದ ಬಂದವರೂ ಇದ್ದಾರೆ. ಬೆಂಗಳೂರಿನ ದಿವ್ಯಾ ಟಿ.ಎಸ್. ಮೊದಲು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು, 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಏರ್ ಪಿಸ್ತೂಲ್ ಮಿಶ್ರ ತಂಡದ ಚಿನ್ನ ಗೆದ್ದರು. ವೀಲ್‌ಚೇರ್‌ನಲ್ಲಿ ಬರುವವರಿಗೆ ಅವನಿ ಲೇಖರಾ ಹೆಸರು ಹೇಳಬೇಕಾಗಿಯೇ ಇಲ್ಲ, ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಚಿನ್ನ ಅವರದೇ. ಅವರು ಕೇಳುವುದು ಮೆಟ್ಟಿಲ ಪಕ್ಕ ಇಳಿಜಾರು ಇದೆಯಾ, ಮೇಜು ತಗ್ಗಿಸಲು ಆಗುತ್ತಾ ಅಂತ. ಒಂದು ಲೇನ್ ಆದರೂ ಹಾಗೆ ಮಾಡಿಡಿ.

ಸೀಸ ಮತ್ತು ಸಿಲಿಂಡರ್

ಪೆಲೆಟ್ ಸೀಸದ್ದು, ಸೀಸ ವಿಷ. ರೇಂಜ್ ಒಳಗೆ ತಿನ್ನುವುದು, ಕುಡಿಯುವುದು ಬೇಡ. ಟೀ ಹೊರಗೆ, ಅದೂ ಸೋಪು ಹಾಕಿ ಕೈ ತೊಳೆದ ಮೇಲೆ. ಪೆಲೆಟ್ಟನ್ನು ತುಟಿ ನಡುವೆ ಇಟ್ಟುಕೊಂಡು ಲೋಡ್ ಮಾಡುವ ಹಳಬರು ಎಲ್ಲಾದರೂ ಇದ್ದರೆ ಇವತ್ತೇ ನಿಲ್ಲಿಸಲಿ, ಹೊಸಬರು ನೋಡಿ ಕಲಿಯುತ್ತಾರೆ. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಬರುವುದು ಬೇಡ. ಟಾರ್ಗೆಟ್ ಹಿಂದೆ ಪೆಲೆಟ್ ಹಿಡಿಯುವ ಟ್ರ್ಯಾಪ್ ಹತ್ತಿರ ಒಣ ಪೊರಕೆ ಹಾಕಬೇಡಿ, ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಮ್ಯಾಚ್ ಗನ್ನಿನ ಗಾಳಿ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ, ಕಾರ್ ಟೈರ್‌ನಲ್ಲಿ ಇರುವುದು ಎರಡು ಚಿಲ್ಲರೆ ಬಾರ್. ಅದರ ಮೇಲೆ ಒತ್ತಿರುವ ತಾರೀಕಿನಿಂದ ಹತ್ತು ವರ್ಷ ದಾಟಿದ್ದರೆ ಬಳಸುವ ಹಾಗಿಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬಾರದು, ಥ್ರೆಡ್‌ಗೆ ಎಣ್ಣೆ, ಗ್ರೀಸ್ ಸವರಬಾರದು, ಗಾಳಿಯನ್ನು ನಿಧಾನವಾಗಿ ತುಂಬಬೇಕು. ಈ ಕೆಲಸವನ್ನು ಮೊದಲ ದಿನ ಹೊಸಬರ ಕೈಗೆ ಕೊಡಬೇಡಿ, ನೋಡಲಿ ಅಷ್ಟೇ.

ಹೊರಡುವಾಗ

ಚೆನ್ನಾಗಿ ಹೊಡೆದವರು "ಯಾವ ಗನ್ ತಗೊಳ್ಳಲಿ?" ಅಂತ ಕೇಳಿಯೇ ಕೇಳುತ್ತಾರೆ. ಈಗಲೇ ಬೇಡ ಅನ್ನಿ. ಎರಡು ಮೂರು ತಿಂಗಳು ಕ್ಲಬ್ಬಿನ ಗನ್ನಿನಲ್ಲೇ ಕಲಿಯಲಿ, ಪಿಸ್ತೂಲೋ ರೈಫಲ್ಲೋ ಅನ್ನುವುದೇ ಆಮೇಲೆ ಗೊತ್ತಾಗುವುದು. ಕಾನೂನೂ ಚುಟುಕಾಗಿ ತಿಳಿಸಿ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರ್ (ಬ್ಯಾರೆಲ್ಲಿನ ಒಳ ಅಗಲ) 4.5 ಮಿಲಿಮೀಟರ್, ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಪಾಯಿಂಟ್ 22 ಬೋರ್‌ನದಕ್ಕೆ ಬೇಕು. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ತಾರಸಿ ಮೇಲೆ ನಿಂತು ಹೊಡೆಯಬಹುದು, ಹಕ್ಕಿಗೆ ಗುರಿ ಇಡಬಹುದು ಅಂತ ಅಲ್ಲ. ಮನೆಯಲ್ಲಿ ಬೀಗ ಹಾಕಿದ ಜಾಗದಲ್ಲಿ, ಪೆಲೆಟ್ ಬೇರೆ, ಗನ್ ಬೇರೆ. ಬಸ್ಸಲ್ಲಿ, ಆಟೋದಲ್ಲಿ ತರುವಾಗ ಕೇಸ್ ಒಳಗೆ, ಫ್ಲ್ಯಾಗ್ ಹಾಕಿ.

ಅವರ ಮೊದಲ ಕಾರ್ಡಿನ ಮೇಲೆ ಹೆಸರು, ತಾರೀಕು ಬರೆದು ಕೈಗೆ ಕೊಡಿ. ಮುಂದಿನ ಸಲ ಯಾವ ದಿನ, ಎಷ್ಟು ಗಂಟೆಗೆ, ಯಾರು ಇರುತ್ತಾರೆ ಅಂತ ಹೇಳಿ ಕಳಿಸಿ. ಶುಲ್ಕದ ಮಾತು ಬಾಗಿಲಲ್ಲೇ ಹಿಡಿದು ನಿಲ್ಲಿಸಿ ಆಡಬೇಡಿ, ಮೆಸೇಜ್‌ನಲ್ಲಿ ಪೂರ್ತಿ ಲೆಕ್ಕ ಬರೆದು ಕಳಿಸಿದರೆ ಮನೆಯಲ್ಲಿ ಕೂತು ಯೋಚಿಸುತ್ತಾರೆ. ಬಾರದಿದ್ದರೆ ವಾರದ ಮೇಲೆ ಒಂದು ಫೋನ್ ಮಾಡಿ, ಒತ್ತಾಯಕ್ಕಲ್ಲ, ಏನು ಇಷ್ಟ ಆಗಲಿಲ್ಲ ಅಂತ ಕೇಳೋಕೆ. ಆ ಉತ್ತರವನ್ನು ರಿಜಿಸ್ಟರ್‌ನಲ್ಲಿ ಬರೆದಿಡಿ, ಮುಂದಿನ ಮೀಟಿಂಗ್‌ನಲ್ಲಿ ಎಲ್ಲರೂ ಓದಲಿ.